ಮಧ್ಯಾಹ್ನದ ಉತ್ತರಪತ್ರಿಕೆ

ಹಲ್ಲಿನ ಡಾಕ್ಟರಮ್ಮನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಇದ್ದದ್ದು ಒಂದೇ ಕತೆ. ಅದನ್ನು ಅವಳು ಮೂವತ್ತಮೂರು ವರ್ಷಗಳಿಂದ ಹೇಳುತ್ತ ಬಂದಿದ್ದಳು. ಚಿಕಿತ್ಸೆಯ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರು ಬೇಡ ಎನ್ನುವಂತಿರಲಿಲ್ಲವಾದ್ದರಿಂದ ಅವಳ ರೋಗಿಗಳಿಗೆಲ್ಲ ಅದು ಬಾಯಿಪಾಠವಾಗಿತ್ತು.

ಕತೆ ಇಷ್ಟೆ. ಅವಳಿಗಾಗ ಹತ್ತು ವರ್ಷ. ಊರಿನ ದೊಡ್ಡ ಖಾಸಗಿ ಶಾಲೆಯಲ್ಲಿ ವರ್ಷಕ್ಕೊಂದು ಮಗುವಿಗೆ ಶುಲ್ಕವಿಲ್ಲದೆ ಓದುವ ಅವಕಾಶವಿತ್ತು. ಆ ಮಗುವಿನ ಖರ್ಚನ್ನು ದಾನಿಗಳು ಕೊಟ್ಟ ನಿಧಿಯಿಂದ ತೆಗೆಯುತ್ತಿದ್ದರು. ಅದಕ್ಕೊಂದು ಪರೀಕ್ಷೆ: ಬೆಳಗ್ಗೆ ಲೆಕ್ಕ, ಮಧ್ಯಾಹ್ನ ಪ್ರಬಂಧ. ಬೆಳಗಿನದನ್ನು ಬರೆದು ಹೊರಗೆ ಬಂದವಳೇ ಅವಳು ಕಂಬದ ಪಕ್ಕ ವಾಂತಿ ಮಾಡಿಕೊಂಡಳು. ಮೈ ಕೆಂಡದಂತೆ ಸುಡುತ್ತಿತ್ತು. ಅಮ್ಮ ಅವಳನ್ನು ಹಿಂದಿನ ಜಗಲಿಯ ಬೆಂಚಿನ ಮೇಲೆ ಮಲಗಿಸಿದಳು. ಎಚ್ಚರವಾದಾಗ ಸಂಜೆ, ಪರೀಕ್ಷೆ ಮುಗಿದು ಅಂಗಳ ಗುಡಿಸುತ್ತಿದ್ದರು. ಆದರೂ ತಿಂಗಳೊಪ್ಪತ್ತಿನಲ್ಲಿ ಶಾಲೆಯಿಂದ ಕಾಗದ ಬಂತು, ಸೀಟು ಅವಳಿಗೇ ಸಿಕ್ಕಿತ್ತು. “ಬೆಳಗಿನ ಲೆಕ್ಕ ನೋಡಿಯೇ ಮೆಚ್ಕೊಂಡ್ರಂತೆ ಕಣೇ” ಎಂದಿದ್ದಳು ಅಮ್ಮ.

“ಅರ್ಧ ಪರೀಕ್ಷೆ ಬರೆದು ಪೂರ್ತಿ ಸೀಟು ಹೊಡೆದವಳು ನಾನು!” ಎಂದು ಕತೆ ಮುಗಿಸಿ ಅವಳು ರೋಗಿಯ ಬಾಯಿಗೆ ನೀರು ಬಿಡುತ್ತಿದ್ದಳು. ಅಕ್ಕನ ಮನೆಯಲ್ಲಿ ಭಾವ ಅವಳಿಗೆ ಅರ್ಧ ಪರೀಕ್ಷೆ ಡಾಕ್ಟ್ರು ಎಂದೇ ಹೆಸರಿಟ್ಟಿದ್ದ.

ಆ ವರ್ಷ ಶಾಲೆಯ ನಿಧಿ ಬತ್ತಿಹೋಗುವ ಸ್ಥಿತಿಗೆ ಬಂದಿತ್ತು. ಹಳೆಯ ದಾನಿಗಳಲ್ಲಿ ಇಬ್ಬರು ತೀರಿಕೊಂಡಿದ್ದರು, ಅವರ ಮಕ್ಕಳಿಗೆ ಈ ವ್ಯವಹಾರದಲ್ಲಿ ಆಸಕ್ತಿ ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ಹೊಸ ದಾನಿಗಳನ್ನು ಹುಡುಕಿ ಶನಿವಾರ ಬೆಳಗ್ಗೆ ಶಾಲೆಯ ಸಭಾಂಗಣದಲ್ಲಿ ಒಂದು ಸಭೆ ಕರೆದಿದ್ದರು. ನಿಧಿಯಿಂದ ಓದಿ ಮೇಲೆ ಬಂದವರೊಬ್ಬರು ಮಾತಾಡಿದರೆ ಚೆನ್ನ ಎಂದು ಡಾಕ್ಟರಮ್ಮನಿಗೆ ಫೋನು ಮಾಡಿದರು.

“ಆ ಅರ್ಧ ಪರೀಕ್ಷೆಯ ಕತೆ ಇದೆಯಲ್ಲ ಡಾಕ್ಟ್ರೇ, ಅದನ್ನೇ ಹೇಳಿಬಿಡಿ. ನಿಮ್ಮ ಹಳೇ ಉತ್ತರಪತ್ರಿಕೆ ಸಿಕ್ಕಿದರೆ ಅದರ ಫೋಟೋನೂ ಹಾಕಿ ಒಂದು ಕರಪತ್ರ ಮಾಡಿಸೋಣ.”

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಶಾಲೆಗೆ ಹೋದಳು. ಕಚೇರಿಯ ಗುಮಾಸ್ತರು ಕಬ್ಬಿಣದ ಬೀರುವಿನ ತಳದಿಂದ ದಾರ ಕಟ್ಟಿದ ಒಂದು ಕಡತವನ್ನು ಎಳೆದು, ಧೂಳು ಕೊಡವಿ, ಅವಳ ಮುಂದಿಟ್ಟರು.

“ಇಲಿ ಮೂಲೆ ತಿಂದಿದೆ ಮೇಡಂ. ಒಳಗಿನದು ಸರಿಯಾಗಿದೆ. ನೀವೇ ನೋಡಿ, ನಾನು ಬಿಚ್ಚಿಲ್ಲ” ಎಂದು ಅವರು ತಮ್ಮ ಮೇಜಿಗೆ ಹೋದರು.

ಮೊದಲ ಹಾಳೆ ಲೆಕ್ಕದ್ದು. ತನ್ನ ಹತ್ತನೇ ವಯಸ್ಸಿನ ದುಂಡಕ್ಷರ ಕಂಡು ಅವಳಿಗೆ ನಗು ಬಂತು. ಆಮೇಲೆ ಕೆಂಪು ಶಾಯಿಯ ಅಂಕಿ ಕಂಡಿತು. ಐವತ್ತಕ್ಕೆ ಹನ್ನೊಂದು.

ಮೊದಲು ಅದು ನಲವತ್ತೊಂದಿರಬೇಕು ಅಂದುಕೊಂಡಳು. ಕನ್ನಡಕ ಒರೆಸಿಕೊಂಡು ನೋಡಿದಳು. ಹನ್ನೊಂದೇ. ಹಾಳೆ ತಿರುವಿದಳು. ತಪ್ಪು, ತಪ್ಪು, ತಪ್ಪು. ಭಾಗಾಕಾರವೊಂದನ್ನು ಅರ್ಧಕ್ಕೇ ಬಿಟ್ಟು ಪಕ್ಕದಲ್ಲಿ ಬೆಕ್ಕಿನ ಚಿತ್ರ ಬರೆದಿದ್ದಳು. ಹನ್ನೊಂದು ಅಂಕ ನೋಡಿ ಯಾರು ಮೆಚ್ಚಿಕೊಳ್ಳುತ್ತಾರೆ?

ಅದರ ಕೆಳಗೆ ಇನ್ನೊಂದು ಹಾಳೆ ಇತ್ತು. ಅವಳು ಬರೆಯದೇ ಇದ್ದ ಮಧ್ಯಾಹ್ನದ ಉತ್ತರಪತ್ರಿಕೆ. ಮೇಲೆ ಅವಳ ಹೆಸರು, ಅವಳ ನಂಬರು. ಐವತ್ತಕ್ಕೆ ನಲವತ್ತೆಂಟು.

ಪ್ರಬಂಧದ ವಿಷಯ ‘ನಮ್ಮ ಮನೆಯ ಬಾಗಿಲು’. ಅವಳು ನಿಂತೇ ಓದಿದಳು.

‘ನಮ್ಮ ಮನೆಯ ಬಾಗಿಲಿಗೆ ಚಿಲಕ ಇಲ್ಲ. ರಾತ್ರಿ ಅಮ್ಮ ಅದಕ್ಕೆ ಹೊಲಿಗೆ ಮೆಷಿನ್ನು ಅಡ್ಡ ಇಡುತ್ತಾಳೆ. ಹಗಲು ಮೆಷಿನ್ನು ನಮಗೆ ಅನ್ನ ಹಾಕುತ್ತದೆ, ರಾತ್ರಿ ನಮ್ಮನ್ನು ಕಾಯುತ್ತದೆ. ಅದು ಮಲಗುವುದು ಯಾವಾಗ ಎಂದು ನನಗೆ ಗೊತ್ತಿಲ್ಲ. ಅಮ್ಮನೂ ಹಾಗೆಯೇ. ಗಾಳಿ ಬಂದರೆ ಬಾಗಿಲು ಕೆಮ್ಮುತ್ತದೆ. ಆಗ ನನ್ನ ತಂಗಿ ಹೆದರಿ ನನ್ನ ಬೆರಳು ಹಿಡಿದುಕೊಳ್ಳುತ್ತಾಳೆ. ಯಾರೋ ಬಂದರು ಅನ್ನುತ್ತಾಳೆ. ಯಾರೂ ಇಲ್ಲ ಎಂದು ಹೇಳಲು ನನಗೆ ಬೇಸರ, ಯಾಕೆಂದರೆ ಅಪ್ಪ ಬರಬಹುದು ಎಂದು ಅವಳು ಇನ್ನೂ ನಂಬಿದ್ದಾಳೆ…’

‘ತಂಗಿ’ ಎಂಬ ಪದದ ಸುತ್ತ ಕೆಂಪು ಶಾಯಿಯ ಒಂದು ಸುತ್ತು ಇತ್ತು.

ಅವಳಿಗೆ ತಂಗಿ ಇರಲಿಲ್ಲ. ಮನೆಗೆ ಅವಳೇ ಕಿರಿಯವಳು. ಪ್ರತಿ ಸಾಲಿನ ಕೊನೆಯ ಅಕ್ಷರದ ಬಾಲವನ್ನು ಗಾಳದ ಹಾಗೆ ಕೆಳಕ್ಕೆ ಕೊಂಕಿಸಿ ಬರೆಯುವವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ. ಆ ಬರಹವನ್ನು ಅವಳು ವಾರಕ್ಕೊಮ್ಮೆಯಾದರೂ ಅಕ್ಕನ ಅಂಗಡಿಯಲ್ಲಿ, ರಿಪೇರಿಗೆ ಬಂದ ಸೋಫಾಗಳಿಗೆ ಸಿಕ್ಕಿಸಿದ ಚೀಟಿಗಳ ಮೇಲೆ, ನೋಡುತ್ತಿದ್ದಳು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಪ್ರಬಂಧದ ಕೆಳಗೆ ಅದೇ ಕೆಂಪು ಶಾಯಿಯಲ್ಲಿ ಪರೀಕ್ಷಕರು ಒಂದು ಸಾಲು ಬರೆದಿದ್ದರು: ‘ಈ ಮಗುವನ್ನು ಶಾಲೆ ಯಾವ ಕಾರಣಕ್ಕೂ ಕಳೆದುಕೊಳ್ಳಬಾರದು.’

ಕಡತದಲ್ಲಿ ಉಳಿದದ್ದು ಒಂದು ಚಿಕ್ಕ ಕಾಗದ, ಮನೆ ನೋಡಿ ಬಂದ ವರದಿ. ಬರೆದವರು ಅದೇ ಪರೀಕ್ಷಕರು. ‘ಮನೆಗೆ ಹೋಗಿದ್ದೆ. ಪ್ರಬಂಧದಲ್ಲಿ ಇರುವುದೆಲ್ಲ ನಿಜ, ಬಾಗಿಲಿಗೆ ಚಿಲಕವಿಲ್ಲ. ಅರ್ಜಿ ಹಾಕಿದ ಹುಡುಗಿಗೆ ತಂಗಿ ಇಲ್ಲ, ಅಕ್ಕ ಇದ್ದಾಳೆ. ಅವಳಿಗೆ ವಯಸ್ಸಿನ ಮಿತಿ ದಾಟಿದೆ. ನಿಧಿಯಲ್ಲಿರುವುದು ಒಂದೇ ಸ್ಥಾನ. ಅದನ್ನು ಈ ಮನೆಗೆ ಕೊಡಬೇಕೆಂದು ನನ್ನ ಶಿಫಾರಸು.’

“ಮೇಡಂ, ನೀರು ತರ್ಲಾ? ಮುಖ ಬಿಳಿಚಿಕೊಂಡಿದೆ” ಎಂದರು ಗುಮಾಸ್ತರು.

“ಬೇಡ. ಇದರದ್ದು ಎರಡೆರಡು ಪ್ರತಿ ತೆಗೆದುಕೊಡ್ತೀರಾ? ಎಲ್ಲಾ ಹಾಳೆದೂ.”

“ಕರಪತ್ರಕ್ಕೆ ಯಾವುದು ಹಾಕೋಣ?”

“ಯಾವುದೂ ಬೇಡ” ಎಂದಳು.

ಕ್ಲಿನಿಕ್ಕಿಗೆ ಫೋನು ಮಾಡಿ ಮಧ್ಯಾಹ್ನದ ರೋಗಿಗಳನ್ನೆಲ್ಲ ನಾಳೆಗೆ ಹಾಕಲು ಹೇಳಿ ನೇರ ಅಕ್ಕನ ಅಂಗಡಿಗೆ ಹೋದಳು. ಕಾರು ಎಲ್ಲಿ ನಿಲ್ಲಿಸಿದೆನೆಂಬುದು ಆಮೇಲೆ ನೆನಪಿಗೆ ಬರಲಿಲ್ಲ.

ಅಕ್ಕನದು ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ. ಮುಂದೆ ಕೆಲಸ, ಹಿಂದೆ ಮನೆ. ಭಾವ ಸಾಮಾನು ತಲುಪಿಸಲು ಹೋಗಿದ್ದ. ಅಕ್ಕ ನೆಲದ ಮೇಲೆ ಮೊಣಕಾಲೂರಿ, ಬಾಯಿತುಂಬ ಸಣ್ಣ ಮೊಳೆ ಇಟ್ಟುಕೊಂಡು, ಒಂದೊಂದನ್ನೇ ತುಟಿಯಿಂದ ತೆಗೆದು ಕುರ್ಚಿಯ ಅಂಚಿಗೆ ಹೊಡೆಯುತ್ತಿದ್ದಳು. ತಂಗಿಯನ್ನು ಕಂಡೊಡನೆ, ಬೈಗುಳ ತಪ್ಪಿಸಿಕೊಳ್ಳಲೆಂದು, ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡಳು.

“ಗೊತ್ತು ಕಣೇ, ಹಲ್ಲು ಹಾಳಾಗುತ್ತೆ. ಹೇಳ್ಬೇಡ. ಏನು ಈ ಹೊತ್ತಲ್ಲಿ?”

ತಂಗಿ ಪ್ರಬಂಧದ ಪ್ರತಿಯನ್ನು ಮುಂದೆ ಹಿಡಿದಳು. ಅಕ್ಕ ಎರಡು ಸಾಲು ಓದಿದಳು. ಕಿವಿಯ ತನಕ ಕೆಂಪೇರಿತು.

“ಇದು ಎಲ್ಲಿ ಸಿಕ್ತು ನಿಂಗೆ?”

“ನೀನೇ ಬರೆದದ್ದಾ?”

“ಹೂಂ.”

“ಅಕ್ಕಾ!”

“ಕೂಗಾಡ್ಬೇಡ, ಗಿರಾಕಿ ಬರೋ ಹೊತ್ತು.” ಅಕ್ಕ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. “ನೀನು ಬೆಂಚಿನ ಮೇಲೆ ಎಚ್ಚರ ತಪ್ಪಿದ ಹಾಗೆ ಬಿದ್ಕೊಂಡಿದ್ದೆ. ಗಂಟೆ ಹೊಡೀತು. ಅಮ್ಮ ನನ್ನ ಮುಖ ನೋಡಿದ್ಳು. ನಿನ್ನ ನಂಬರಿನ ಚೀಟಿ ನನ್ನ ಕೈಗಿಟ್ಟು, ಏನಾದ್ರೂ ಗೀಚಿ ಬಾ, ಹಾಳೆ ಖಾಲಿ ಬಿಟ್ರೆ ಬೆಳಗ್ಗೆ ಬರೆದದ್ದೂ ದಂಡ ಆಗುತ್ತೆ ಅಂದ್ಳು. ಹೋದೆ, ಚೀಟಿ ನೋಡಿದ್ರು, ಮುಖ ಯಾರೂ ನೋಡ್ಲಿಲ್ಲ, ಗೀಚಿ ಬಂದೆ. ನಿಂಗೆ ಹೇಳ್ಬೇಡ ಅಂದಿದ್ಳು, ಹೇಳ್ಲಿಲ್ಲ. ಇಷ್ಟೇ ಕಣೇ. ಲೆಕ್ಕದಲ್ಲಿ ಗೆದ್ದವಳು ನೀನು. ನಂದು ಬರೀ ಜಾಗ ತುಂಬಿಸಿದ್ದು.”

ತಂಗಿ ಲೆಕ್ಕದ ಹಾಳೆಯನ್ನು ಕೊಟ್ಟಳು. ಅಕ್ಕ ಹನ್ನೊಂದನ್ನು ನೋಡಿದಳು. ತಿರುವಿ ಬೆಕ್ಕನ್ನು ನೋಡಿದಳು. ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಆಮೇಲೆ ಪ್ರಬಂಧದ ಕೊನೆಗೆ ಹೋಗಿ ಅಂಕವನ್ನೂ ಕೆಳಗಿನ ಸಾಲನ್ನೂ ಓದಿದಳು. ಮತ್ತೊಮ್ಮೆ ಓದಿದಳು.

“ಇದು ಯಾರಿಗೆ ಬರೆದಿದ್ದು?”

“ನಿನಗೆ.”

“ನನಗೆ ಅಂತ ಎಲ್ಲಿದೆ? ಹೆಸರು ನಿಂದೇ ಇದೆಯಲ್ಲ.”

“ಇದನ್ನೂ ಓದು” ಎಂದು ತಂಗಿ ಮನೆ ನೋಡಿದ ವರದಿಯನ್ನು ಕೊಟ್ಟಳು.

ಬಟ್ಟೆ ಬಿಚ್ಚಿ ಸ್ಪ್ರಿಂಗು ಹೊರಗೆ ಕಾಣುತ್ತಿದ್ದ ಯಾರದೋ ಸೋಫಾದ ಮೇಲೆ ಅಕ್ಕ ಹಾಗೆಯೇ ಕುಸಿದಳು. ಅದು ಕಿರ್ರೆಂದದ್ದೂ ಅವಳಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ತನ್ನ ಕುರ್ಚಿ ಆಯಿತೇ ಎಂದು ಕೇಳಿದ. ಅಕ್ಕ ಅವನನ್ನು ಗೋಡೆಯನ್ನು ನೋಡುವಂತೆ ನೋಡಿದಳು. ಅವನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ನಾಳೆ ಬರುತ್ತೇನೆಂದು ತಾನೇ ಹೇಳಿಕೊಂಡು ಹೊರಟುಹೋದ.

“ಕನ್ನಡಕದ ಮೇಷ್ಟ್ರು” ಎಂದಳು ಅಕ್ಕ. “ನೆನಪಿದೆ. ಮನೆಗೆ ಬಂದು ಬಾಗಿಲು ತಳ್ಳಿ ತಳ್ಳಿ ನೋಡ್ತಿದ್ರು. ನಂಗೆ ಜೀವ ಬಾಯಿಗೆ ಬಂದಿತ್ತು. ಸಿಕ್ಕಿಬಿದ್ವಿ ಅಂತ ಒಳಗೆ ಹೋಗಿ ಬಚ್ಚಿಟ್ಕೊಂಡೆ. ನಮ್ಮನ್ನ ಹಿಡಿಯೋಕೆ ಬಂದಿದಾರೆ ಅಂದ್ಕೊಂಡಿದ್ದೆ ಪುಟ್ಟೀ, ಇಷ್ಟು ವರ್ಷ.”

ಒಳಗಿನಿಂದ ಅಮ್ಮ ಬಂದಳು. ಎಪ್ಪತ್ತೆರಡರ ಅಮ್ಮನಿಗೆ ಕಿವಿ ಚುರುಕು. ಪರದೆಯ ಹಿಂದೆ ಕೂತು ದಿಂಬಿನ ಅಂಚಿಗೆ ಹೊಲಿಯುವ ಪಟ್ಟಿ ಕತ್ತರಿಸುತ್ತಿದ್ದವಳಿಗೆ ಎಲ್ಲ ಕೇಳಿಸಿತ್ತು. ಕೈಯಲ್ಲಿ ಕತ್ತರಿ ಹಾಗೇ ಇತ್ತು.

“ಹಳೇದನ್ನೆಲ್ಲ ಯಾಕೆ ಕೆದಕ್ತೀಯೇ?” ಎಂದಳು ಚಿಕ್ಕವಳಿಗೆ.

“ಅಮ್ಮ, ಆ ಮೇಷ್ಟ್ರಿಗೆ ಗೊತ್ತಿತ್ತು. ಅಕ್ಕ ಬರೆದಿದ್ದು ಅಂತ ಗೊತ್ತಿತ್ತು.”

ಅಮ್ಮ ಕೈಯಲ್ಲಿದ್ದ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದಳು. ಅಕ್ಕ ತಲೆಯೆತ್ತಿದಳು.

“ನಿಂಗೂ ಗೊತ್ತಿತ್ತಾ?”

ಅಮ್ಮ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಅವಳು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಇಬ್ಬರೂ ನಂಬುತ್ತಿದ್ದರು. ಯಾಕೋ ಅವಳು ಹಾಗೆ ಮಾಡಲಿಲ್ಲ.

“ಆಮೇಲೊಂದು ಸಲ ಬಂದಿದ್ರು. ನೀವಿಬ್ರೂ ಮನೇಲಿರಲಿಲ್ಲ. ದೊಡ್ಡವಳನ್ನೂ ಕಳಿಸಿ ಅಮ್ಮಾ ಅಂದ್ರು. ವಯಸ್ಸಿನ ವಿಷಯ ನಾನು ಮಾತಾಡ್ತೀನಿ, ನಿಧಿಗೆ ನಾನೇ ಯಾರನ್ನಾದ್ರೂ ಕೇಳಿ ಹಣ ತರ್ತೀನಿ, ಮುಂದಿನ ವರ್ಷಕ್ಕೆ ಸೇರಿಸ್ಕೊಳ್ತೀವಿ ಅಂದ್ರು.”

“ನೀನೇನಂದೆ?” ಅಕ್ಕನ ದನಿ ಬಹಳ ಮೆಲ್ಲಗಿತ್ತು.

“ಅವಳಿಗೆ ಓದಿನಲ್ಲಿ ಮನಸ್ಸಿಲ್ಲ ಅಂದೆ.”

ಅಕ್ಕ ಪುಸ್ತಕದ ಪುಟಗಳನ್ನೇ ತಿನ್ನುತ್ತಾಳೇನೋ ಎಂಬ ಹಾಗೆ ಓದುತ್ತಿದ್ದ ದಿನಗಳು ಚಿಕ್ಕವಳಿಗೆ ನೆನಪಿದ್ದವು. ಸಾಮಾನು ಕಟ್ಟಿ ತಂದ ಪೇಪರನ್ನೂ ಬಿಡಿಸಿ, ಮಡಿಕೆ ನೀವಿ, ಓದುತ್ತಿದ್ದಳು.

“ಯಾಕಮ್ಮ?” ಎಂದಳು ಚಿಕ್ಕವಳು.

“ಹೆದರಿಕೆ ಆಯ್ತು. ಮೋಸ ಮಾಡಿದೀವಿ ಅಂತ ಬಾಯಿ ಬಿಡಿಸೋಕೆ ಹಾಗೆ ಕೇಳ್ತಿದಾರೆ, ಹೂಂ ಅಂದ್ರೆ ನಿಂದೂ ಕಿತ್ಕೊಳ್ತಾರೆ ಅನ್ನಿಸ್ತು.” ಅಮ್ಮ ಇಷ್ಟು ಹೇಳಿ ನಿಲ್ಲಿಸಿದಳು. ನಿಲ್ಲಿಸಿದ್ದರೆ ಸಾಕಿತ್ತು. ಆದರೆ ದೊಡ್ಡ ಮಗಳು ತನ್ನ ಮುಖದಿಂದ ಕಣ್ಣು ತೆಗೆಯುತ್ತಿಲ್ಲವೆಂದು ಕಂಡು ಮುಂದುವರಿಸಿದಳು. “ಆಮೇಲೆ, ಅಂಗಿಗಳಿಗೆ ಕಾಜಾ ಹೊಲಿಯೋಕೆ, ಅಂಚು ಮಡಿಸೋಕೆ ಇವಳು ಬೇಕಿತ್ತು. ನನ್ನೊಬ್ಬಳ ಕೈಲಿ ಆಗ್ತಿರಲಿಲ್ಲ. ಎರಡೂ ನಿಜ.”

ಅಕ್ಕ ಅಳಲಿಲ್ಲ. ಬೈಯಲೂ ಇಲ್ಲ. ಮೂರು ಹಾಳೆಗಳನ್ನೂ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ನೆಲಕ್ಕೆ ಮೊಣಕಾಲೂರಿ, ಮೊಳೆ ಹೊಡೆಯತೊಡಗಿದಳು. ಮೊದಲನೆಯದು ಸೊಟ್ಟಗಾಯಿತು. ಎರಡನೆಯದೂ ಸೊಟ್ಟಗಾಯಿತು. ಕಿತ್ತು ಮತ್ತೆ ಹೊಡೆದಳು. ಅಮ್ಮ ನಿಂತೇ ಇದ್ದಳು. ಕೂತುಕೋ ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಶುಕ್ರವಾರ ಬೆಳಗ್ಗೆ ತಂಗಿ ಫೋನು ಮಾಡಿದಳು.

“ಅಕ್ಕ, ನಾಳೆ ಸಭೆ. ನಾನು ಹೋಗಲ್ಲ ಅಂತ ಹೇಳ್ಬಿಡ್ತೀನಿ. ನಾನು ಓದಿದ ಓದೇ ನಂದಲ್ಲ.”

“ಹುಚ್ಚಿ. ಬಾಗಿಲು ತೆಗೆದಿದ್ದು ನಾನಿರಬಹುದು. ಒಳಗೆ ಹೋದ್ಮೇಲೆ ಓದಿದ್ದು ನೀನೇ ತಾನೇ? ಏಳು ವರ್ಷ ನಾನು ಬಂದು ಬರೆದ್ನಾ? ಜನರ ಹಲ್ಲು ಕೀಳೋದು ನಾನಾ?”

“ಹಾಗಾದ್ರೆ ಹೋಗಿ ಏನು ಹೇಳ್ಲಿ? ಆ ಅರ್ಧ ಪರೀಕ್ಷೆ ಕತೆ ಇನ್ನು ನನ್ನ ಬಾಯಿಂದ ಬರಲ್ಲ.”

“ಇದ್ದದ್ದು ಹೇಳು” ಎಂದಳು ಅಕ್ಕ. “ನನ್ನ ಹೆಸರು ಬೇಡ. ಅಮ್ಮನ ಮಾತೂ ಎತ್ತಬೇಡ. ಅದು ಮನೇದು.”

ಶನಿವಾರ ಸಭಾಂಗಣದಲ್ಲಿ ನಲವತ್ತು ಜನರಿದ್ದರು. ಡಾಕ್ಟರಮ್ಮ ಕಡತದ ಪ್ರತಿ ಹಿಡಿದು ಎದ್ದು ನಿಂತಾಗ ಮುಂದಿನ ಸಾಲಿನಲ್ಲಿದ್ದ ಮುಖ್ಯೋಪಾಧ್ಯಾಯಿನಿ ನಗುನಗುತ್ತ ತಲೆಯಾಡಿಸಿದರು. ಅವಳು ಮೊದಲು ಹನ್ನೊಂದು ಅಂಕದ ವಿಷಯ ಹೇಳಿದಳು. ಜನ ನಕ್ಕರು. ಆಮೇಲೆ ಪ್ರಬಂಧವನ್ನು ಮೊದಲಿಂದ ಕಡೆಯವರೆಗೆ ಓದಿದಳು. ನಗು ನಿಂತಿತು. ಅದನ್ನು ಬರೆದವಳು ತಾನಲ್ಲ, ತನ್ನ ಅಕ್ಕ ಎಂದಳು. ಅಕ್ಕನಿಗಾಗ ಹನ್ನೆರಡು ವರ್ಷ, ಮಿತಿಗಿಂತ ಒಂದೇ ವರ್ಷ ಹೆಚ್ಚು. ಅವಳು ಮತ್ತೆಂದೂ ಶಾಲೆಯ ಬಾಗಿಲು ಕಾಣಲಿಲ್ಲ. ಪರೀಕ್ಷಕರಿಗೆ ತಿಳಿದಿತ್ತು, ಆದರೆ ಅವರ ಕೈಯಲ್ಲಿದ್ದದ್ದು ಒಬ್ಬರಿಗಾಗುವಷ್ಟು ಹಣ.

“ನಿಮ್ಮನ್ನ ಏನು ಕೇಳಬೇಕೋ ನನಗೆ ಗೊತ್ತಾಗ್ತಿಲ್ಲ” ಎಂದಳು. “ಮೊನ್ನೆವರೆಗೆ ಗೊತ್ತಿತ್ತು.” ಅಷ್ಟು ಹೇಳಿ ಕೂತಳು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಿಂದ ಸಿಮೆಂಟಿನ ವ್ಯಾಪಾರಿಯೊಬ್ಬರು, ಬೇರೊಬ್ಬ ಹಳೆಯ ದಾನಿಯ ಮಗ, ಎದ್ದರು.

“ಅಂದ್ರೆ ನಮ್ಮಪ್ಪ ಕೊಟ್ಟ ದುಡ್ಡಲ್ಲಿ ಮೋಸದಿಂದ ಓದಿದ್ರಿ ಅಂತಾಯ್ತು.”

“ಹೌದು” ಎಂದಳು ಅವಳು.

ಅವರು ಇನ್ನೇನೋ ಹೇಳಲಿದ್ದರು. ಆ ‘ಹೌದು’ ಕೇಳಿ ಬಾಯಿ ಮುಚ್ಚಿ ಹೊರಗೆ ನಡೆದರು. ಅವರ ಹಿಂದೆ ಇನ್ನಿಬ್ಬರು ಹೋದರು. ಬಳಿಕ ನಿವೃತ್ತ ದಾದಿಯೊಬ್ಬಳು, ಚಿಕ್ಕ ಮೊತ್ತ ಕೊಡಲು ಬಂದವಳು, ಕೂತಲ್ಲಿಂದಲೇ ಕೇಳಿದಳು: “ಈಗ್ಲೂ ವಯಸ್ಸಿನ ಆ ಮಿತಿ ಇದೆಯಾ?”

ಇದೆ ಎಂದರು ಮುಖ್ಯೋಪಾಧ್ಯಾಯಿನಿ.

“ಯಾಕೆ?”

“ಗೊತ್ತಿಲ್ಲ” ಎಂದರು ಮುಖ್ಯೋಪಾಧ್ಯಾಯಿನಿ. “ನಾನು ಬರೋಕೆ ಮುಂಚೆಯೇ ಇತ್ತು. ಯಾರೂ ಕೇಳಿರಲಿಲ್ಲ.”

ಅಂದು ಅಂದುಕೊಂಡದ್ದರಲ್ಲಿ ಅರ್ಧ ಹಣವೂ ಕೂಡಲಿಲ್ಲ. ಮುಂದಿನ ವಾರ ಆಡಳಿತ ಸಮಿತಿ ಕೂತು ವಯಸ್ಸಿನ ಮಿತಿಯನ್ನು ಎರಡು ವರ್ಷ ಸಡಿಲಿಸಿತು. ಅರ್ಜಿಯಲ್ಲಿ ಮನೆಯ ಎಲ್ಲ ಮಕ್ಕಳ ವಿವರ ಬರೆಯಲು ಜಾಗ ಬಿಟ್ಟರು, ಮನೆ ನೋಡಲು ಹೋದವರು ಎಲ್ಲ ಮಕ್ಕಳನ್ನೂ ಮಾತಾಡಿಸಬೇಕೆಂದರು. ಎರಡನೆಯ ಸ್ಥಾನವೊಂದರ ಖರ್ಚನ್ನು ಡಾಕ್ಟರಮ್ಮ ತಾನೇ ವಹಿಸಿಕೊಂಡಳು. ಸಿಮೆಂಟಿನ ವ್ಯಾಪಾರಿ ಮರಳಿ ಬರಲಿಲ್ಲ. ಮುಖ್ಯೋಪಾಧ್ಯಾಯಿನಿ ಅವಳೊಡನೆ ಸ್ವಲ್ಪ ದಿನ ಬಿಗುವಾಗಿಯೇ ಇದ್ದರು, ಮೊದಲೇ ತಮಗೆ ಹೇಳಲಿಲ್ಲವೆಂದು. ಅದು ನ್ಯಾಯವೇ ಆಗಿತ್ತು.

ಅಕ್ಕ ಮಾತ್ರ ಅಮ್ಮನೊಡನೆ ಮಾತು ಬಿಟ್ಟಿದ್ದಳು. ಹೊತ್ತು ಹೊತ್ತಿಗೆ ತಟ್ಟೆ ತಂದು ಮುಂದಿಡುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು, ಹಾಸಿಗೆ ಕೊಡವಿ ಹಾಸುತ್ತಿದ್ದಳು. ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಅಮ್ಮನೂ ಬೇಡಿಕೊಳ್ಳಲಿಲ್ಲ. ನಡುವೆ ಸಿಕ್ಕಿಕೊಂಡ ಭಾವ ಒಬ್ಬನೇ ಇಬ್ಬರ ಪಾಲಿನ ಮಾತನ್ನೂ ಆಡಿ ಸುಸ್ತಾಗಿದ್ದ. ಅಕ್ಕ ಆ ಹಾಳೆಗಳನ್ನು ತೆಗೆದು ಓದುವುದನ್ನು ಎರಡು ಸಲ ನೋಡಿದೆನೆಂದು ಅವನೇ ನಾದಿನಿಗೆ ಹೇಳಿದ.

ಮಾತು ಬಿಟ್ಟ ಹದಿನೇಳನೆಯ ದಿನ ಮಧ್ಯಾಹ್ನ ಡಾಕ್ಟರಮ್ಮ ಒಬ್ಬರ ದವಡೆಹಲ್ಲು ತುಂಬುತ್ತಿದ್ದಾಗ ಅಕ್ಕನ ಫೋನು ಬಂತು. ಕೈಗವಸು ಕಳಚಿ ಎತ್ತಿಕೊಂಡಳು.

“ಅಮ್ಮನ ಹತ್ತಿರ ಮಾತಾಡಿದೆ.”

“ಏನಂದೆ?”

“ತಣ್ಣಗಾಗ್ತಿದೆ, ಊಟಕ್ಕೆ ಬಾ ಅಂದೆ.”

“ಅಮ್ಮ?”

“ಬಂದ್ಳು. ಕೂತ್ಳು. ಎರಡು ತುತ್ತು ತಿಂದು ಅತ್ತುಬಿಟ್ಳು. ನಾನು ಸಮಾಧಾನ ಮಾಡ್ಲಿಲ್ಲ ಪುಟ್ಟೀ. ಪಕ್ಕದಲ್ಲಿ ಕೂತಿದ್ದೆ, ಅಷ್ಟೇ. ಇವತ್ತಿಗೆ ಅದಕ್ಕಿಂತ ಹೆಚ್ಚು ನನ್ನ ಕೈಲಾಗಲಿಲ್ಲ.”

“ಸಾಕು ಬಿಡು” ಎಂದಳು ತಂಗಿ.

“ಸಾಕೋ ಸಾಲದೋ, ನಂಗೊತ್ತಿಲ್ಲ. ಭಾನುವಾರ ಬಾ. ರೊಟ್ಟಿಗೆ ಹಿಟ್ಟು ಜಾಸ್ತಿ ಕಲಸ್ತೀನಿ.”

ಕುರ್ಚಿಯಲ್ಲಿದ್ದ ರೋಗಿ ಬಾಯಿ ತೆರೆದುಕೊಂಡೇ ಕಾಯುತ್ತಿದ್ದ. ಅವಳು ಹೊಸ ಕೈಗವಸು ಹಾಕಿಕೊಂಡು, ಕಣ್ಣನ್ನು ತೋಳಿಗೆ ಒತ್ತಿ ಒರೆಸಿಕೊಂಡು, ದೀಪವನ್ನು ಅವನ ಬಾಯಿಯತ್ತ ತಿರುಗಿಸಿದಳು.